ವಸಡಿನ ರಕ್ತಕ್ಕೆ ಜಿಂಕ್ ಮಾತ್ರೆ ಮದ್ದಲ್ಲ

ಕೊಪ್ಪಳದ ಗಿಣಿಗೇರಿ ಕಡೆಯ ಕಾರ್ಖಾನೆ ಕಾರ್ಮಿಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ: ‘ಕಬ್ಬಿಣದ ಧೂಳು ದೇಹದ ಸತುವನ್ನು (ಜಿಂಕ್) ಹೀರುತ್ತದೆ, ವಸಡಿನ ರಕ್ತಕ್ಕೆ ಅದೇ ಕಾರಣ, ದಿನಕ್ಕೆ 50 ಮಿಲಿಗ್ರಾಂನ ಎರಡು ಜಿಂಕ್ ಮಾತ್ರೆ ಸಾಕು, ದಂತವೈದ್ಯರು ಬೇಡ.’ ಇದು ತಪ್ಪು.

ವಸಡಿನ ಕಾಯಿಲೆಯ ಮೂಲ ಹಲ್ಲಿನ ಬುಡಕ್ಕೆ ಅಂಟುವ ಬ್ಯಾಕ್ಟೀರಿಯಾದ ಪೊರೆ. ಉಜ್ಜಿ ತೆಗೆಯದಿದ್ದರೆ ಅದು ಕಲ್ಲಿನಂತೆ ಗಟ್ಟಿಯಾಗಿ ಕೂರುತ್ತದೆ. ಯಾವ ಮಾತ್ರೆಯೂ ಅದನ್ನು ಕರಗಿಸದು. ಸತು ಕಡಿಮೆಯಾದವರಲ್ಲಿ ಗಾಯ ನಿಧಾನವಾಗಿ ಮಾಯುತ್ತದೆ ಎಂಬಷ್ಟು ನಿಜ. ಆದರೆ ವಯಸ್ಕರಿಗೆ ದಿನಕ್ಕೆ 40 ಮಿಲಿಗ್ರಾಂ ಮೇಲ್ಮಿತಿ. ಅದನ್ನು ಮೀರಿ ತಿಂಗಳುಗಟ್ಟಲೆ ನುಂಗಿದರೆ ಕರುಳು ತಾಮ್ರವನ್ನು ಹೀರಿಕೊಳ್ಳುವುದು ಕುಗ್ಗಿ, ರಕ್ತಹೀನತೆ, ಕೈಕಾಲು ಜೋಮು ಬರಬಹುದು.

ಲೋಹದ ಧೂಳು ಪೂರ್ತಿ ನಿರಪರಾಧಿ ಎನ್ನುತ್ತಿಲ್ಲ. ಸೀಸದ ಕೆಲಸ ಮಾಡುವವರ ವಸಡಿನಂಚಿನಲ್ಲಿ ನೀಲಿಗಪ್ಪು ಗೆರೆ ಮೂಡುವುದುಂಟು. ಕಂಡರೆ ರಕ್ತ ಪರೀಕ್ಷೆ ಮಾಡಿಸಬೇಕು. ಇನ್ನು ಪಾಳಿ ಮುಗಿಸಿ ನಲ್ಲಿಯ ಬಳಿ ಬಾಯಿ ಮುಕ್ಕಳಿಸುವವರನ್ನು ನೋಡಿ: ಉಗುಳಿದ ಕೆಂಪು ಗುಟ್ಕಾವೋ ರಕ್ತವೋ ಹೇಳುವುದೇ ಕಷ್ಟ. ಬೀಡಿ ಸೇದುವವರಲ್ಲಂತೂ ವಸಡು ಒಳಗೊಳಗೇ ಹಾಳಾಗುತ್ತಿದ್ದರೂ ರಕ್ತ ಕಡಿಮೆ ಕಾಣಿಸುತ್ತದೆ. ಸಂದೇಶ ಬರೆದವರು ತಂಬಾಕಿನ ಸುದ್ದಿಯನ್ನೇ ಎತ್ತಿಲ್ಲ!