ಊರಿಂದ ಬರುವ ಆ ಫೋನು

ಬೆಂಗಳೂರಲ್ಲಿ ಕೆಲಸ ಮಾಡುವ ಹಳ್ಳಿ ಕಡೆಯವರಿಗೆಲ್ಲ ಈ ಫೋನು ಗೊತ್ತು. ಸಾಮಾನ್ಯವಾಗಿ ರಾತ್ರಿ ಊಟದ ಹೊತ್ತಿಗೆ ಬರುತ್ತದೆ. "ಅಣ್ಣಾ, ಕಿದ್ವಾಯಿಯಲ್ಲಿ ಯಾರಾದ್ರೂ ಗೊತ್ತಾ?" ಕ್ಯಾನ್ಸರಿನ ಕಿದ್ವಾಯಿ ಅಲ್ಲದಿದ್ದರೆ ಹೃದಯದ ಜಯದೇವ, ಅದೂ ಅಲ್ಲದಿದ್ದರೆ ಮೆದುಳು-ಮನಸ್ಸಿನ ನಿಮ್ಹಾನ್ಸ್. ನನ್ನೂರು ಪಾವಗಡದ ಕಡೆ. ಈ ಯಾವ ಆಸ್ಪತ್ರೆಯಲ್ಲೂ ನನಗೆ ಯಾರೂ ಗೊತ್ತಿಲ್ಲ. ಆದರೂ ಫೋನು ನಿಲ್ಲುವುದಿಲ್ಲ. ನಾನು ಬೆಂಗಳೂರಲ್ಲಿದ್ದೇನಲ್ಲ, ಊರಿನವರಿಗೆ ಅಷ್ಟೇ ಸಾಕು.

ಅವರು ಕೇಳುವುದು ವಶೀಲಿ. ಆದರೆ ನಾನು ನೋಡಿದ ಮಟ್ಟಿಗೆ ವಶೀಲಿಯಿಂದ ಕೆಲಸ ಆಗಿದ್ದು ತೀರಾ ಕಡಿಮೆ. ಯಾವ ಕಾಗದ ತರಬೇಕು, ಯಾವ ಕೌಂಟರಿಗೆ ಹೋಗಬೇಕು, ರಾತ್ರಿ ಎಲ್ಲಿ ಮಲಗಬೇಕು ಅಂತ ಮೊದಲೇ ಗೊತ್ತಿದ್ದವರ ಕೆಲಸ ಬೇಗ ಆಗಿದೆ. ಬಸ್ಸು ಹತ್ತುವ ಮೊದಲು ಇದನ್ನು ಹೇಳುವವರೇ ಇಲ್ಲ. 104 ಆರೋಗ್ಯವಾಣಿ ಇದೆ, ನಿಜ. ಆದರೆ ನಮ್ಮೂರಲ್ಲಿ 108 ಅಂದರೆ ಮಕ್ಕಳಿಗೂ ಗೊತ್ತು, 104 ಅಂದರೆ ದೊಡ್ಡವರೂ ಮುಖ ನೋಡುತ್ತಾರೆ.

ಯೋಜನೆಗಳಿಗೆ ಬರವಿಲ್ಲ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ನಡೆಯುತ್ತಿದೆ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜಿನ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರದ, ಶೇಕಡಾ 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಖಾಸಗಿ ಆಸ್ಪತ್ರೆಯಲ್ಲಿ ಇದನ್ನು ಬಳಸಬೇಕೆಂದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್, ಅಂದರೆ ಶಿಫಾರಸು ಪತ್ರ, ಬೇಕು. ತುರ್ತು ಚಿಕಿತ್ಸೆಗೆ ಬೇಡ. ಈ ಕೊನೆಯ ಎರಡು ಸಾಲು ಗೊತ್ತಿಲ್ಲದೆ ಎಷ್ಟು ಮನೆಗಳ ಒಡವೆ ಅಡವಿಟ್ಟಿದ್ದಾರೋ ದೇವರಿಗೇ ಗೊತ್ತು. ನಮ್ಮ ಪಕ್ಕದೂರಿನವರೊಬ್ಬರು ರೆಫರಲ್ ಇಲ್ಲದೆ ನೇರವಾಗಿ ಒಂದು ದೊಡ್ಡ ಆಸ್ಪತ್ರೆಗೆ ಹೋದರು. ಕಾರ್ಡ್ ಜೇಬಲ್ಲೇ ಇತ್ತು. ಯಾರೂ ಕೇಳಲಿಲ್ಲ, ಇವರೂ ತೋರಿಸಲಿಲ್ಲ. ಅಡ್ವಾನ್ಸ್ ಕಟ್ಟಿ ಸೇರಿಸಿದರು. ಬಿಲ್ಲು ಕಟ್ಟಿದ ಮೇಲೆ ಕಾರ್ಡ್ ನೆನಪಾಗಿ ಏನು ಪ್ರಯೋಜನ? ಆಮೇಲೆ ಉಳಿದಿದ್ದು ಬಿಲ್ಲುಗಳನ್ನು ಕಟ್ಟಿಕೊಂಡು ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಿ, ಶಾಸಕರ ಪತ್ರಕ್ಕೆ ಅಲೆಯುವ ದಾರಿ ಮಾತ್ರ.

ಇನ್ನು ರೇಷನ್ ಕಾರ್ಡಿನ ಕಥೆ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಕಾರ್ಡಲ್ಲೇ ಇರುತ್ತದೆ. ಮಗುವಿನ ಹೆಸರು ಯಾವ ಕಾರ್ಡಲ್ಲೂ ಇರುವುದಿಲ್ಲ. ಆಧಾರಲ್ಲಿ ಒಂದು ಹೆಸರು, ಕಾರ್ಡಲ್ಲಿ ಇನ್ನೊಂದು. ಕಾಯಿಲೆ ಬಂದ ಮೇಲೆ ಇದು ಗೊತ್ತಾದರೆ ಬೆಂಗಳೂರಲ್ಲಿ ಕೂತು ಸರಿ ಮಾಡುವುದಕ್ಕೆ ಆಗುವುದಿಲ್ಲ. ತಾಲೂಕು ಕಚೇರಿಗೇ ಹೋಗಬೇಕು, ಸರ್ವರ್ ಇರಬೇಕು, ಸಂಬಂಧಪಟ್ಟವರು ಸೀಟಲ್ಲಿರಬೇಕು. ಹಬ್ಬಕ್ಕೆ ಊರಿಗೆ ಹೋದಾಗ ನಾನೀಗ ಮನೆಮನೆಯಲ್ಲಿ ಕಾರ್ಡ್ ತೆಗೆಸಿ ನೋಡುತ್ತೇನೆ. "ಇವನು ಬಂದ್ರೆ ಜನಗಣತಿಯವರು ಬಂದಂಗೆ" ಅಂತ ನಮ್ಮ ಅತ್ತೆ ನಗುತ್ತಾರೆ. ನಗಲಿ ಬಿಡಿ.

ಚಿಕಿತ್ಸೆ ಉಚಿತ ಅಂದಾಗ ನಾವು ಆಸ್ಪತ್ರೆಯ ಬಿಲ್ಲನ್ನಷ್ಟೇ ಲೆಕ್ಕ ಹಾಕುತ್ತೇವೆ. ಕೂಲಿ ಮಾಡುವ ಮನೆಯಲ್ಲಿ ರೋಗಿಯ ಜೊತೆ ಇನ್ನೊಬ್ಬರು ಹೊರಟರೆ ಎರಡು ಕೂಲಿ ಹೋಯಿತು. ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದು, ಹೊಸೂರು ರಸ್ತೆಗೆ ಬಸ್ಸು ಹುಡುಕಿ, ಚೀಟಿ ಮಾಡಿಸುವಷ್ಟರಲ್ಲಿ ಕ್ಯೂ ಬೆಳೆದಿರುತ್ತದೆ. ಡಾಕ್ಟರು ನೋಡುತ್ತಾರೆ, ರಕ್ತಪರೀಕ್ಷೆ ಬರೆಯುತ್ತಾರೆ, ರಿಪೋರ್ಟು ನಾಳೆ. ಆ ರಾತ್ರಿ ಎಲ್ಲಿರಬೇಕು? ಕಿದ್ವಾಯಿ, ನಿಮ್ಹಾನ್ಸ್‌ಗಳಲ್ಲಿ ಧರ್ಮಶಾಲೆಗಳಿವೆ. ಜಾಗ ಸಿಕ್ಕರೆ ಪುಣ್ಯ. ಸಿಗದವರು ಆವರಣದಲ್ಲೇ ಕಂಬಳಿ ಹಾಸುತ್ತಾರೆ, ಅಥವಾ ವಾಪಸ್ ಬಸ್ಸು ಹತ್ತುತ್ತಾರೆ. ಹಾಗೆ ವಾಪಸ್ ಹೋದವರಲ್ಲಿ ಕೆಲವರು ಮತ್ತೆ ಬರುವುದೇ ಇಲ್ಲ. ಮೂರನೆಯ ಸಲದ ಹೊತ್ತಿಗೆ ಕುರಿ ಮಾರಿ ಆಗಿರುತ್ತದೆ, ಸಂಘದ ಸಾಲವೂ ಆಗಿರುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ "ಹೆಂಗಸರು ಸುಮ್ನೆ ಟ್ರಿಪ್ ಹೊಡೀತಾರೆ" ಅಂತ ಆಡಿಕೊಳ್ಳುವವರು ಒಮ್ಮೆ ಬೆಳಗ್ಗೆ ಐದಕ್ಕೆ ಮೆಜೆಸ್ಟಿಕ್‌ಗೆ ಬನ್ನಿ. ಬಟ್ಟೆ ಅಂಗಡಿಯ ಕವರಿನಲ್ಲಿ ಸ್ಕ್ಯಾನಿಂಗ್ ಫಿಲ್ಮು ಮಡಚದಂತೆ ಎದೆಗೊತ್ತಿಕೊಂಡು ಇಳಿಯುವ ಹೆಂಗಸರನ್ನು ನೋಡಿ. ನಮ್ಮೂರಿನ ಒಬ್ಬ ತಾಯಿ ಮಗನ ಫಾಲೋಅಪ್ ಒಂದನ್ನೂ ಈಗ ತಪ್ಪಿಸುವುದಿಲ್ಲ. ಮೊದಲು ಟಿಕೆಟ್ ದುಡ್ಡಿಗೇ ಮುಂದೂಡುತ್ತಿದ್ದರು. ಗಂಡಸು ರೋಗಿಗಳಿಗೆ ಈ ಅನುಕೂಲ ಇಲ್ಲ, ಅದೂ ಇರಬೇಕು ಅನ್ನುವುದು ನನ್ನ ವಾದ. ರೈಲಿನಲ್ಲಾದರೆ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಟಿಕೆಟ್ ಪೂರ್ತಿ ರಿಯಾಯಿತಿ, ಜೊತೆಗಿರುವ ಒಬ್ಬರಿಗೆ ಶೇಕಡಾ 75. ಆಸ್ಪತ್ರೆಯಿಂದ ಒಂದು ಫಾರ್ಮ್ ಸಹಿ ಮಾಡಿಸಿದರೆ ಆಯಿತು. ಕೇಳಿದರೆ ಕೊಡುತ್ತಾರೆ, ಕೇಳಬೇಕು ಅಂತ ಗೊತ್ತಿರಬೇಕು ಅಷ್ಟೇ.

ಎಲ್ಲದಕ್ಕೂ ಬೆಂಗಳೂರಿಗೇ ಬರಬೇಕಾಗಿಲ್ಲ, ಇದೂ ಜನಕ್ಕೆ ತಲುಪಿಲ್ಲ. ಎದೆನೋವು ಬಂದರೆ ಕಾರು ಮಾಡಿಕೊಂಡು ತಾಲೂಕು ಆಸ್ಪತ್ರೆಯ ಮುಂದೆಯೇ ಹಾದು ಬೆಂಗಳೂರಿಗೆ ಹೊರಡುತ್ತಾರೆ. ಜೀವ ಉಳಿಸಬಹುದಾದ ಮೊದಲ ಒಂದು ಗಂಟೆ ದಾರಿಯಲ್ಲೇ ಹೋಗುತ್ತದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇರುವುದೇ ಇದಕ್ಕೆ. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಜಯದೇವದಂಥ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಹೃದಯಾಘಾತ ಅಂತ ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಸಾವಿರಗಟ್ಟಲೆ ಬೆಲೆ. ಡಯಾಲಿಸಿಸ್ ಕೂಡ ಈಗ ಎಷ್ಟೋ ತಾಲೂಕು ಆಸ್ಪತ್ರೆಗಳಲ್ಲಿದೆ. "ಸರ್ಕಾರಿ ಆಸ್ಪತ್ರೆ ತಾನೇ" ಅನ್ನುವ ತಾತ್ಸಾರ ಬಿಡಿಸುವುದು ಮಾತ್ರ ಕಷ್ಟ. ಆ ತಾತ್ಸಾರ ಸುಮ್ನೆ ಬಂದಿದ್ದೂ ಅಲ್ಲ. ಡಾಕ್ಟರ ಕುರ್ಚಿ ಖಾಲಿ ಇರುವುದನ್ನು ನೋಡಿ ನೋಡಿ ಬಂದಿದ್ದು.

ಹಾಗಾದರೆ ಇದನ್ನೆಲ್ಲ ಹೇಳಬೇಕಾದವರು ಯಾರು? ಆಯುಷ್ಮಾನ್ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ದಾರಿ ತೋರಿಸುವ ಆರೋಗ್ಯಮಿತ್ರ ಇರುತ್ತಾರೆ. ಊರಲ್ಲಿ ಆಶಾ ಕಾರ್ಯಕರ್ತೆ ಇರುತ್ತಾರೆ. ಈ ಇಬ್ಬರ ನಡುವೆ ರೋಗಿ ಒಬ್ಬಂಟಿ. ಆಶಾ ಅಕ್ಕನಿಗೆ ಊರಿನ ಪ್ರತಿ ಬಸುರಿಯ ದಿನ ಗೊತ್ತು, ಯಾರ ಮನೆಯಲ್ಲಿ ಯಾರು ಮಾತ್ರೆ ಬಿಟ್ಟಿದ್ದಾರೆ ಗೊತ್ತು. ಆಕೆಯ ಕೈಗೆ ಆಸ್ಪತ್ರೆಯ ಆರೋಗ್ಯಮಿತ್ರರ ನಂಬರ್ ಕೊಟ್ಟು, ಒಂದು ಫೋನ್ ಮಾಡಿ ರೋಗಿಯನ್ನು ಕಳಿಸಿದರೆ ಅದಕ್ಕೂ ಸಂಭಾವನೆ ಕೊಟ್ಟರೆ ಅರ್ಧ ಅಲೆದಾಟ ನಿಲ್ಲುತ್ತದೆ. ಬಿಟ್ಟಿ ಕೆಲಸ ಅಂತ ಮತ್ತೆ ಆಕೆಯ ತಲೆಗೆ ಕಟ್ಟಬೇಡಿ. 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಧರಣಿ ಕೂತ ಮೇಲೆ ಅವರಿಗೆ ಸಿಕ್ಕಿದ್ದು ತಿಂಗಳಿಗೆ ಹತ್ತು ಸಾವಿರದ ಭರವಸೆ. ಕೇಳಿದ್ದು ಹದಿನೈದು.

"ಸರ್ಕಾರ ಮಾಡಬೇಕಾದ್ದನ್ನ ನೀನ್ಯಾಕೆ ಮಾಡ್ತೀಯ" ಅಂತ ಸ್ನೇಹಿತರೊಬ್ಬರು ಕೇಳಿದರು. ಸರ್ಕಾರ ಮಾಡುವವರೆಗೂ ರೋಗ ಕಾಯುವುದಿಲ್ಲ ಅಲ್ವಾ? ನಮ್ಮೂರಿನ ವಾಟ್ಸಾಪ್ ಗುಂಪಿನಲ್ಲಿ ಈಗ ಒಂದು ಕ್ರಮ ಮಾಡಿಕೊಂಡಿದ್ದೇವೆ. ಯಾರಾದರೂ ಬೆಂಗಳೂರಿಗೆ ಹೊರಡುವ ಮುನ್ನ ಚೀಟಿ, ಕಾರ್ಡ್, ಹಳೆಯ ರಿಪೋರ್ಟಿನ ಫೋಟೋ ಹಾಕಬೇಕು. ಏನು ಕಡಿಮೆ ಇದೆ ಅಂತ ಇಲ್ಲಿರುವ ನಾವು ನೋಡಿ ಹೇಳುತ್ತೇವೆ. ಡಾಕ್ಟರಿಕೆ ಮಾಡುವುದಿಲ್ಲ, ಕಾಗದ ನೋಡುತ್ತೇವೆ ಅಷ್ಟೇ. ಗುಡ್ ಮಾರ್ನಿಂಗ್ ಹೂವಿನ ನಡುವೆ ಇದೂ ನಡೆಯುತ್ತದೆ.

ಸರ್ಕಾರವನ್ನು ನಾನು ಕೇಳುವುದು ದೊಡ್ಡದೇನಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಒಂದು ಆಸ್ಪತ್ರೆ ಸಹಾಯ ಕೌಂಟರ್. ಬೆಳಗ್ಗೆ ನಾಲ್ಕರಿಂದ ಹತ್ತರವರೆಗೆ ಇದ್ದರೂ ಸಾಕು. ಯಾವ ಆಸ್ಪತ್ರೆಗೆ ಯಾವ ಬಸ್ಸು, ಯಾವ ಮೆಟ್ರೋ, ಯಾವ ದಿನ ಯಾವ ಓಪಿಡಿ, ಧರ್ಮಶಾಲೆಯಲ್ಲಿ ಇವತ್ತು ಜಾಗ ಇದೆಯಾ ಅಂತ ಹೇಳುವ ಇಬ್ಬರು. ಇದಕ್ಕೆ ಮನವಿ ಬರೆಯುತ್ತಿದ್ದೇನೆ. ಸಾರಿಗೆ ಇಲಾಖೆಗೆ ಕೊಡಬೇಕೋ ಆರೋಗ್ಯ ಇಲಾಖೆಗೋ ಅನ್ನುವಲ್ಲಿ ನಿಂತಿದೆ. ಈ ಎರಡು ಇಲಾಖೆಯಲ್ಲಿ ಕೆಲಸ ಮಾಡುವವರು ನನ್ನ ಫ್ರೆಂಡ್ಸ್ ಪಟ್ಟಿಯಲ್ಲಿ ಇದ್ದೀರಿ, ಇನ್‌ಬಾಕ್ಸಿಗೆ ಬಂದು ಹೇಳಿ. ಸಹಿ ಹಾಕುವವರು ಕಾಮೆಂಟಿನಲ್ಲಿ ನಿಮ್ಮ ತಾಲೂಕಿನ ಹೆಸರು ಬರೆಯಿರಿ.