ಕಾರ್ಪೊರೇಟ್ ಕಂಪನಿಗಳು ಸಿನಿಮಾಗೆ ಬಂದಿದ್ದು ಓಟಿಟಿಯಿಂದಲ್ಲ

"ಓಟಿಟಿ (ನೆಟ್‌ಫ್ಲಿಕ್ಸ್ ಥರ ಇಂಟರ್ನೆಟ್‌ನಲ್ಲಿ ಸಿನಿಮಾ ತೋರಿಸೋ ಸೇವೆ) ಬಂದ ಮೇಲೆ ಕಂಪನಿಗಳು ಸಿನಿಮಾರಂಗಕ್ಕೆ ನುಗ್ಗಿದವು" ಅನ್ನೋ ಮೆಸೇಜ್ ಓಡಾಡ್ತಿದೆ. ಇದು ತಪ್ಪು. ಅಮಿತಾಭ್ ಬಚ್ಚನ್ ಎಬಿಸಿಎಲ್ ಅನ್ನೋ ತಮ್ಮ ಸಿನಿಮಾ ಕಂಪನಿ ಶುರು ಮಾಡಿದ್ದೇ 1995ರಲ್ಲಿ. ಮರುವರ್ಷ ಬೆಂಗಳೂರಿನ ಮಿಸ್ ವರ್ಲ್ಡ್ ಸ್ಪರ್ಧೆ ನಡೆಸಿದ್ದೂ ಅದೇ ಕಂಪನಿ, ಆಮೇಲೆ ಅದು ಸಾಲದಲ್ಲಿ ಮುಳುಗಿತು.

1998ರಲ್ಲಿ ಆಗಿನ ಕೇಂದ್ರ ಸಚಿವೆ ಸುಷ್ಮಾ ಸ್ವರಾಜ್ ಸಿನಿಮಾಗೆ ಉದ್ಯಮದ ಸ್ಥಾನ ಘೋಷಿಸಿದರು, ಅಂದರೆ ಬೇರೆ ಉದ್ಯಮಗಳ ಹಾಗೆ ಬ್ಯಾಂಕ್ ಸಾಲ ಪಡೆಯೋಕೆ ದಾರಿ. ಆದರೆ ಘೋಷಣೆಯಾದ ತಕ್ಷಣ ಬ್ಯಾಂಕ್ ಬಾಗಿಲು ತೆರೆಯಲಿಲ್ಲ. ಉದ್ಯಮಗಳಿಗೆ ಸಾಲ ಕೊಡೋ ಐಡಿಬಿಐ ಬ್ಯಾಂಕಿನ ಕಾಯ್ದೆಯಡಿ ಸಿನಿಮಾವನ್ನು ಸೇರಿಸಿದ ಅಧಿಸೂಚನೆ ಬಂದಿದ್ದು 2000ದಲ್ಲಿ. ಅಲ್ಲಿವರೆಗೆ ನಿರ್ಮಾಪಕರು ಜಾಸ್ತಿ ನಂಬಿದ್ದು ಫೈನಾನ್ಸಿಯರ್‌ಗಳ ಬಡ್ಡಿ ಹಣವನ್ನೇ. ಬ್ಯಾಂಕ್ ಸಾಲ ಬೇಕಂದರೆ ಲೆಕ್ಕಪತ್ರ, ಕರಾರು, ವಿಮೆ ಎಲ್ಲ ಸರಿಯಿರಬೇಕು, ಹಾಗಾಗಿ ಕಂಪನಿ ಶಿಸ್ತು ಬೇಕೇಬೇಕಾಯಿತು. ಅಮೆರಿಕದ ಡಿಸ್ನಿ ಕಂಪನಿ ಇಲ್ಲಿನ ಸಿನಿಮಾ-ಟಿವಿ ಕಂಪನಿ ಯುಟಿವಿಯನ್ನು ಪೂರ್ತಿ ಕೊಂಡಿದ್ದು 2012ರಲ್ಲಿ. ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂದಿದ್ದು ಇದೆಲ್ಲ ಆದ ಮೇಲೆ, 2016ರಲ್ಲಿ!