ಬೆಳ್ಳಿ ಬಟ್ಟಲಿಗೆ ಕತ್ತರಿ

ನೂರು ವರ್ಷ ಬಾಳಿ ಅಂತ ಹರಸಲು ಕಾಸು ಖರ್ಚಾಗುವುದಿಲ್ಲ. ಜನ ನಿಜಕ್ಕೂ ಬಾಳಿಬಿಟ್ಟರೆ ಮಾತ್ರ ಕಷ್ಟ. ಬೇಕಿದ್ದರೆ ಜಪಾನ್ ಸರ್ಕಾರವನ್ನು ಕೇಳಿ.

1963ರಲ್ಲಿ ಅಲ್ಲಿ ನೂರು ತುಂಬಿದವರು ಬರೀ 153 ಮಂದಿ. ಸರ್ಕಾರಕ್ಕೆ ಉಮೇದು ಬಂತು. ಹಿರಿಯರ ದಿನಕ್ಕೆ ಪ್ರಧಾನಿಯ ಅಭಿನಂದನಾ ಪತ್ರ, ಜೊತೆಗೆ ‘ಸಾಕೆ’ ಎಂಬ ಅಕ್ಕಿಯ ಮದ್ಯ ಕುಡಿಯಲು ಅಪ್ಪಟ ಬೆಳ್ಳಿಯ ಬಟ್ಟಲು. ನೂರೈವತ್ತು ಬಟ್ಟಲಿಗೆಲ್ಲ ಯಾವ ಖಜಾನೆ ಬರಿದಾದೀತು, ಅಲ್ವಾ?

ಆದರೆ ಅಜ್ಜ ಅಜ್ಜಿಯರು ಹಟಕ್ಕೆ ಬಿದ್ದವರಂತೆ ಬದುಕತೊಡಗಿದರು. ಉಪ್ಪು ಕಡಿಮೆ ತಿನ್ನಿ ಅಂದರೆ ಕಡಿಮೆ ತಿಂದರು. ಪರಿಣಾಮ ನೋಡಿ: 2009ರಲ್ಲಿ ಬಟ್ಟಲು ಚಿಕ್ಕದಾಯಿತು. ಆದರೂ ಸಾಲಲಿಲ್ಲ. 2014ರಲ್ಲಿ 29 ಸಾವಿರಕ್ಕೂ ಹೆಚ್ಚು ಬಟ್ಟಲು ಹಂಚಿದರು, ಬಿಲ್ಲು 26 ಕೋಟಿ ಯೆನ್. 2016ರಿಂದ ಬೆಳ್ಳಿ ಬರೀ ಮೇಲಿನ ಲೇಪ ಮಾತ್ರ, ಖರ್ಚು ಹೆಚ್ಚುಕಮ್ಮಿ ಅರ್ಧ. ಈಗ, 2025ರ ಲೆಕ್ಕದಲ್ಲಿ, ನೂರು ದಾಟಿದವರು 99,763. ಗೌರವ ಹಾಗೇ ಇದೆಯಂತೆ, ಉಜ್ಜಿ ನೋಡಬಾರದು ಅಷ್ಟೇ.

ಬೆಳ್ಳಿಯನ್ನು ಗ್ರಾಂ ಲೆಕ್ಕದಲ್ಲಿ ಉಳಿಸಿದ ಈ ಸರ್ಕಾರ ಜನರನ್ನು ಎಣಿಸಿದ ಕಥೆಯೂ ಉಂಟು. 2010ರಲ್ಲಿ ಟೋಕಿಯೊದ ಅದಾಚಿಯಲ್ಲಿ 111 ವರ್ಷದ ಹಿರಿಯರಿಗೆ ಶುಭ ಕೋರಲು ಅಧಿಕಾರಿಗಳು ಹೋದರು. ಹಿರಿಯರು ತೀರಿಕೊಂಡು ಮೂವತ್ತು ವರ್ಷಗಳಾಗಿದ್ದವು. ದೇಹ ಒಣಗಿ ಹಾಸಿಗೆಯಲ್ಲೇ ಇತ್ತು, ಪಿಂಚಣಿ ಮಾತ್ರ ತಪ್ಪದೆ ಮನೆಗೆ ಬರುತ್ತಿತ್ತು. ಗಾಬರಿಯಾಗಿ ಕುಟುಂಬ ನೋಂದಣಿ ಪುಸ್ತಕ ತೆಗೆದರೆ, ನೂರು ದಾಟಿಯೂ ಪತ್ತೆಯಿಲ್ಲದವರು 2 ಲಕ್ಷ 34 ಸಾವಿರ! ಅವರಲ್ಲಿ 884 ಮಂದಿಗೆ 150 ದಾಟಿತ್ತು. ಕಾಗದದ ಮೇಲೆ ಸಾಯುವುದು ಅಷ್ಟು ಸುಲಭವಲ್ಲ ಬಿಡಿ, ಯಾವ ದೇಶದ ಕಚೇರಿಯಲ್ಲೂ.

ಬದುಕಿದವರ ವಿಷಯಕ್ಕೆ ಬಂದರೆ, 2013ರಲ್ಲಿ ಹಣಕಾಸು ಸಚಿವ ತಾರೊ ಅಸೊ ಒಂದು ಸಭೆಯಲ್ಲಿ ಉಪಾಯ ಸೂಚಿಸಿದರು. ಕೊನೆಗಾಲದ ಚಿಕಿತ್ಸೆಗೆ ಸರ್ಕಾರದ ದುಡ್ಡು ಸುರಿಯುವ ಬದಲು, ವಯಸ್ಸಾದವರಿಗೆ ಬೇಗ ಸಾಯಲು ಬಿಡಬೇಕು ಎನ್ನುವ ಅರ್ಥದ ಮಾತು. ಗಲಾಟೆಯಾಯಿತು. ಅದು ನನ್ನ ಸ್ವಂತ ವಿಷಯಕ್ಕೆ ಹೇಳಿದ್ದು ಎಂದು ಜಾರಿಕೊಂಡರು. ಆಗ ಅವರಿಗೆ 72. ಮುಂದೆ 81 ತುಂಬುವವರೆಗೂ ಹಣಕಾಸು ಖಾತೆ ಅವರ ಕೈಯಲ್ಲೇ ಇತ್ತು. 2024ರಲ್ಲಿ, 84ರ ಹರೆಯದಲ್ಲಿ, ಮತ್ತೆ ಚುನಾವಣೆಗೆ ನಿಂತರು, ಗೆದ್ದರು. ಪಾಪ, ಅವರಿಗೇನು ಅವಸರ!